ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಪಿಟಿ ಮೇಷ್ಟ್ರು

ಶುಕ್ರವಾರ

ಮೇ ತಿಂಗಳ ಕೊನೆಯ ಸೋಮವಾರ ಅಮೆರಿಕದಲ್ಲಿ ಮೆಮೋರಿಯಲ್ ಡೇ ರಜೆ. ಡೆನ್ವರ್ ಸುತ್ತಮುತ್ತ ಇರುವವರೆಲ್ಲ ಟೆಂಟು, ಸೈಕಲ್ಲು ಕಟ್ಟಿಕೊಂಡು ಬೆಟ್ಟದ ಕಡೆ ಹೊರಡುತ್ತಾರೆ. ನಾವು ಹೊರಟಿದ್ದು ಬೇಸ್‌ಬಾಲ್ ನೋಡೋಕೆ. ಅದೂ ಟಿವಿಯಲ್ಲಿ ಬರುವ ದೊಡ್ಡ ಲೀಗಿನದ್ದಲ್ಲ, ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳ ಹುಡುಗರ ಆಟ. ಇದಕ್ಕೆ ಕಾರಣ ನನ್ನ ಮಾವ.

ಮಾವ ತಿಪಟೂರು ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿದ್ದವರು. ಖೋಖೋ, ಕಬಡ್ಡಿ, ವಾಲಿಬಾಲ್ ಮೂರೂ ಅವರದ್ದೇ. ಏಪ್ರಿಲ್‌ನಲ್ಲಿ ನಮ್ಮ ಮನೆಗೆ ಬಂದ ಮೇಲೆ ಸಂಜೆ ಹೊತ್ತು ನನ್ನ ಜೊತೆ ಬೇಸ್‌ಬಾಲ್ ನೋಡತೊಡಗಿದರು. ಚೆಂಡು ಎಲ್ಲಿ ಹೋಯಿತು ಅನ್ನುವುದರ ಮೇಲೆ ಅವರಿಗೆ ಗಮನವೇ ಇಲ್ಲ. "ಆ ಮೂಲೇಲಿ ನಿಂತ್ಕೊಂಡು ಮೂಗು, ಕಿವಿ, ಟೋಪಿ ಮುಟ್ಕೋತಾ ಇದಾರಲ್ಲ, ಅವ್ರು ಯಾರು?" ಅಂತ ಕೇಳಿದರು. ಥರ್ಡ್ ಬೇಸ್ ಕೋಚ್ ಅಂದೆ. ಚೆಂಡು ಹೊಡೆದವನು ಮೂರು ಬೇಸ್ ಮುಟ್ಟಿ ಹೊರಟ ಜಾಗಕ್ಕೆ ವಾಪಸು ಬಂದರೆ ಒಂದು ರನ್, ಓಡಬೇಕೋ ನಿಲ್ಲಬೇಕೋ ಅಂತ ಸನ್ನೆ ಮಾಡುವವರು ಇವರು ಅಂತಲೂ ಹೇಳಿದೆ. "ಹಾಗಾದ್ರೆ ಆಟ ಆಡಿಸ್ತಿರೋದು ಅವ್ರೇ" ಅಂದರು. ಅವರಿಗೆ ತೋರಿಸಬೇಕಾದ ಊರು ಗ್ರ್ಯಾಂಡ್ ಜಂಕ್ಷನ್ ಅಂತ ನನಗೆ ಆಗಲೇ ಅನ್ನಿಸಿತು. ಜೂನಿಯರ್ ಕಾಲೇಜುಗಳ, ಅಂದರೆ ಈ ಎರಡು ವರ್ಷದ ಕಾಲೇಜುಗಳ, ಮೊದಲ ದರ್ಜೆಯ 'ವಿಶ್ವ ಸರಣಿ' ಅನ್ನುವ ಪಂದ್ಯಾವಳಿ 1959ರಿಂದ ನಡೆಯುತ್ತಿರುವುದು ಅಲ್ಲೇ. ದೇಶದ ಮೂಲೆಮೂಲೆಯಿಂದ ಗೆದ್ದು ಬಂದ 10 ತಂಡಗಳು ಒಂದೇ ಮೈದಾನದಲ್ಲಿ, ಬೆಳಗ್ಗೆಯಿಂದ ರಾತ್ರಿವರೆಗೆ. ಎರಡು ಸಲ ಸೋತರೆ ಮನೆಗೆ.

ಡೆನ್ವರ್‌ನಿಂದ ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 390 ಕಿಲೋಮೀಟರ್. ನಾಲ್ಕು ಗಂಟೆಯ ದಾರಿ ಅಂತ ಫೋನು ಹೇಳುತ್ತದೆ. ರಜೆಯ ಶುಕ್ರವಾರ ಮಧ್ಯಾಹ್ನ ಹೊರಟರೆ ಅದನ್ನು ನಂಬಬೇಡಿ. ನಾವು ಬೆಳಗ್ಗೆ ಆರಕ್ಕೇ ಬಿಟ್ಟೆವು, ಐಡಹೋ ಸ್ಪ್ರಿಂಗ್ಸ್ ದಾಟುವಷ್ಟರಲ್ಲಿ ಹಿಂದೆ ಕಾರುಗಳ ಸಾಲು ಬೆಳೆಯುತ್ತಿತ್ತು. ಐಸೆನ್‌ಹೋವರ್ ಸುರಂಗದ ಹತ್ತಿರ ರಸ್ತೆ 11,000 ಅಡಿ ದಾಟುತ್ತದೆ. ಸುರಂಗದ ಈ ಕಡೆ ಬಿಸಿಲು, 2.7 ಕಿಲೋಮೀಟರ್ ಕತ್ತಲೆ ದಾಟಿ ಆ ಕಡೆ ಬಂದರೆ ಹಿಮ ಬೆರೆತ ಮಳೆ. ಕಿವಿ ಗುಂಯ್ ಅಂತಿತ್ತು. ಹಿಂದಿನ ಸೀಟಿನಲ್ಲಿದ್ದ ಚಿಪ್ಸ್ ಪ್ಯಾಕೆಟ್ಟು ಉಬ್ಬಿ ಈಗ ಒಡೆಯುತ್ತೇನೆ ಅನ್ನುವ ಹಾಗೆ ಕೂತಿತ್ತು. ಮಾವ ಅದನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದರು. ಡಿಕ್ಕಿಯಲ್ಲಿದ್ದ ಉಪ್ಪಿನಕಾಯಿ ಬಾಟಲಿ ಆಗ ಯಾರಿಗೂ ನೆನಪಾಗಲಿಲ್ಲ.

ವೇಲ್ ಘಾಟಿ ಇಳಿದ ಮೇಲೆ ಕೊಲರಾಡೋ ನದಿ ಜೊತೆಯಾಗುತ್ತದೆ, ಗ್ಲೆನ್‌ವುಡ್ ಕಣಿವೆ ಶುರುವಾಗುತ್ತದೆ. ಈ ದಾರಿಯಲ್ಲಿ ನಾನು ಬೇಕಂತಲೇ ನಿಧಾನ ಮಾಡುವುದು ಇಲ್ಲೇ. ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ನಡುವೆ ಕಂದು ಬಣ್ಣದ ನೀರು. ಜಾಗ ಸಾಲದೆ ಹೋಗುವ ರಸ್ತೆ ಮೇಲೆ, ಬರುವ ರಸ್ತೆ ಕೆಳಗೆ, ಕಂಬಗಳ ಮೇಲೆ ನಿಂತಿವೆ. 1992ರಲ್ಲಿ ಮುಗಿದ ಕೆಲಸ. 2020ರ ಕಾಡ್ಗಿಚ್ಚಿನಲ್ಲಿ ಸುಟ್ಟ ಮರಗಳು ಮೇಲೆ ಇನ್ನೂ ಕರ್ರಗೆ ನಿಂತಿವೆ. ಅದರ ಮರುವರ್ಷ ಮಳೆಗೆ ಗುಡ್ಡದ ಮಣ್ಣೆಲ್ಲ ಜಾರಿ ಬಂದು ವಾರಗಟ್ಟಲೆ ಈ ರಸ್ತೆ ಮುಚ್ಚಿತ್ತು. ಗ್ರಿಜ್ಲಿ ಕ್ರೀಕ್ ಹತ್ತಿರ ಗಾಡಿ ನಿಲ್ಲಿಸಿ ಚಪಾತಿ, ಶೇಂಗಾ ಚಟ್ನಿಪುಡಿ ತಿಂದೆವು. ಹೊಳೆ ದಂಡೆಯ ಗಾಳಿಗೆ ಚಟ್ನಿಪುಡಿ ಅರ್ಧ ನನ್ನ ಅಂಗಿಗೆ.

ಪ್ಯಾಲಿಸೇಡ್ ಹತ್ತಿರ ಕಣಿವೆ ತೆರೆದುಕೊಂಡಾಗ ಬೇರೆಯೇ ರಾಜ್ಯಕ್ಕೆ ಬಂದಂತೆ. ಬೂದು ಬಣ್ಣದ, ಹುಲ್ಲು ಗರಿಕೆ ಇಲ್ಲದ ಬೆಟ್ಟ, ಅದರ ಬುಡದಲ್ಲಿ ಹಸಿರು ತೋಟ, ಮೈ ಸುಡುವ ಬಿಸಿಲು. ಬೆಳಗ್ಗೆ ಹಾಕಿಕೊಂಡ ಸ್ವೆಟರನ್ನು ಮಾವ ಇಲ್ಲಿ ಬಿಚ್ಚಿದರು.

ಹೋಟೆಲಿನಲ್ಲಿ ಚೀಲ ತೆರೆದಾಗ ಗೊತ್ತಾಯಿತು. ಎತ್ತರಕ್ಕೆ ಹೋಗಿ ಇಳಿದ ಬಾಟಲಿಯಿಂದ ಮಾವಿನ ಉಪ್ಪಿನಕಾಯಿ ಎಣ್ಣೆ ಸೋರಿ ಮಾವನ ಎರಡು ಬಿಳಿ ಅಂಗಿ, ಒಂದು ಪಂಚೆ ಹಳದಿಯಾಗಿದ್ದವು. "ಅಪ್ಪ, ನಾನು ಬೇಡ ಅಂದೆ ತಾನೇ" ಅಂದಳು ಹೆಂಡತಿ. "ಉಪ್ಪಿನಕಾಯಿ ಇಲ್ದೆ ಮೊಸರನ್ನ ಹೆಂಗ್ ಇಳಿಯುತ್ತೆ" ಅಂದರು ಮಾವ. ಎಣ್ಣೆ ಹೀರಲಿ ಅಂತ ಅಂಗಡಿಯಿಂದ ಜೋಳದ ಹಿಟ್ಟು ತಂದು ಉದುರಿಸಿ ಇಟ್ಟೆವು. ನೀವು ಈ ದಾರಿಯಲ್ಲಿ ಬರುವುದಾದರೆ ಎಣ್ಣೆ ಪದಾರ್ಥವನ್ನು ಜಿಪ್ ಕವರಿನಲ್ಲಿ ಹಾಕಿ, ನಿಲ್ಲಿಸಿ ಇಡಿ.

ಶನಿವಾರ

ಸುಪ್ಲಿಜಿಯೋ ಫೀಲ್ಡ್ ಊರ ನಡುವಿನ ಲಿಂಕನ್ ಪಾರ್ಕಿನಲ್ಲಿದೆ. ಸ್ಯಾಮ್ ಸುಪ್ಲಿಜಿಯೋ ಯಾಂಕೀಸ್ ತಂಡದ ಕೆಳಲೀಗುಗಳಲ್ಲಿ ಆಡಿದವರು. ಆಮೇಲೆ ಈ ಊರಲ್ಲಿ ನೆಲೆಸಿ ಈ ಪಂದ್ಯಾವಳಿಗಾಗಿ ಜೀವ ತೇಯ್ದರು. 2006ರಲ್ಲಿ ತೀರಿಕೊಂಡರು. ಮೈದಾನಕ್ಕೆ ಅವರದ್ದೇ ಹೆಸರು.

ಆಟ ಶುರುವಾಗುವುದಕ್ಕೆ ಒಂದು ಗಂಟೆ ಮೊದಲೇ ಹೋಗಿ. ನೆರಳಿನ ಸೀಟು ಸಿಗುತ್ತದೆ ಅನ್ನುವುದು ಒಂದು ಕಾರಣ. ಕೋಚುಗಳ ಕೆಲಸ ಕಾಣುವುದು ಆಗಲೇ ಅನ್ನುವುದು ಇನ್ನೊಂದು. ದಕ್ಷಿಣದ ಯಾವುದೋ ರಾಜ್ಯದಿಂದ ಬಂದ ತಂಡವೊಂದು ಮೈದಾನಕ್ಕೆ ಇಳಿದಿತ್ತು. ಹೆಡ್ ಕೋಚ್ ಅರವತ್ತರ ಹತ್ತಿರದವರು, ಹೊಟ್ಟೆ ಸ್ವಲ್ಪ ಮುಂದೆ. ಕೈಯಲ್ಲಿ ಉದ್ದನೆಯ ತೆಳ್ಳನೆಯ ಬ್ಯಾಟು. ಇದಕ್ಕೆ ಫಂಗೋ ಅಂತಾರೆ, ಫೀಲ್ಡಿಂಗ್ ಅಭ್ಯಾಸಕ್ಕೆ ಮಾತ್ರ ಬಳಸುವುದು. ಎಡಗೈಯಲ್ಲಿ ಚೆಂಡು ಎಸೆದು, ಅದೇ ಕೈಯನ್ನು ಬ್ಯಾಟಿಗೆ ತಂದು ಹೊಡೆಯುತ್ತಾರೆ. ಮೂರನೇ ಬೇಸಿನ ಹುಡುಗನಿಗೆ ಒಂದು, ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಗೆ ಒಂದು, ಆಮೇಲೆ ಎರಡನೇ ಬೇಸ್, ಮೊದಲ ಬೇಸ್. ಪ್ರತಿ ಹೊಡೆತವೂ ಹುಡುಗನ ಎಡಕ್ಕೋ ಬಲಕ್ಕೋ ಎರಡು ಹೆಜ್ಜೆ ದೂರಕ್ಕೆ. ಒಂದೂ ನೇರ ಕೈಗೆ ಹೋಗಲಿಲ್ಲ, ಒಂದೂ ಕೈಗೆ ಸಿಗದ ಹಾಗೂ ಹೋಗಲಿಲ್ಲ. ಅದೇ ಹೊತ್ತಿಗೆ ಇನ್ನೊಬ್ಬ ಕೋಚ್ ಪಕ್ಕದಿಂದ ದೂರದ ಫೀಲ್ಡರುಗಳಿಗೆ ಹೊಡೆಯುತ್ತಿದ್ದರು. ಎರಡು ಚೆಂಡು ಒಟ್ಟಿಗೆ ಓಡಾಡುತ್ತಿದ್ದರೂ ಒಬ್ಬರಿಗೊಬ್ಬರು ಅಡ್ಡ ಬರಲಿಲ್ಲ. ಕೊನೆಗೆ ಹೆಡ್ ಕೋಚ್ ಒಂದು ಚೆಂಡನ್ನು ಕ್ಯಾಚರ್, ಅಂದರೆ ಬ್ಯಾಟು ಹಿಡಿದವನ ಹಿಂದೆ ಕೂತು ಚೆಂಡು ಹಿಡಿಯುವವನ ತಲೆಯ ಮೇಲೆ ನೆಟ್ಟಗೆ ಆಕಾಶಕ್ಕೆ ಹೊಡೆದರು. ಅದು ಅವನ ಕೈಗವಸಿಗೆ ಬಿದ್ದದ್ದೇ, ಎಲ್ಲರೂ ಓಡಿ ಒಳಗೆ ಹೋದರು.

ಮಾವ ಎದ್ದು ನಿಂತು ಚಪ್ಪಾಳೆ ಹೊಡೆದರು. ಸುತ್ತ ಕೂತವರಿಗೆ ಇನ್ನೂ ಆಟ ಶುರುವಾಗಿಲ್ಲ. "ನೇರ ಮೇಲಕ್ಕೆ ಹೊಡಿಯೋದು ಎಷ್ಟು ಕಷ್ಟ ಗೊತ್ತಾ ನಿಮ್ಗೆ? ನಾನು ವಾಲಿಬಾಲಲ್ಲಿ ಹುಡುಗ್ರಿಗೆ ಚೆಂಡು ಎತ್ತಿ ಕೊಡೋಕೆ ಕಲಿಯೋಕೇ ಮೂರು ವರ್ಷ ತಗೊಂಡೆ" ಅಂದರು.

ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ತಿರುಗಿ ನೋಡಿ ನಕ್ಕರು. ಈ ಊರಿನವರೇ, ಹುಡುಗನಾಗಿದ್ದಾಗಿನಿಂದ ಈ ಪಂದ್ಯಾವಳಿ ನೋಡುತ್ತಿದ್ದಾರಂತೆ. ಮಾವನ ಕಸುಬು ಹೇಳಿದೆ. ಆಮೇಲೆ ಅವರು ತಿರುಗಿಯೇ ಕೂತರು. ಮಾತು ಬಂದಿದ್ದು ಸ್ಯಾನ್ ಹಸಿಂಟೋ ಕಾಲೇಜಿನ ಕಡೆಗೆ.

ಹ್ಯೂಸ್ಟನ್ ಪಕ್ಕದ ಪಸಡೀನಾದಲ್ಲಿರುವ ಕಾಲೇಜು ಅದು. ವೇಯ್ನ್ ಗ್ರಹಾಂ ಅನ್ನುವವರು ಅಲ್ಲಿ ಹೆಡ್ ಕೋಚ್ ಆಗಿದ್ದರು. ಅವರು ದೊಡ್ಡ ಲೀಗಿನಲ್ಲಿ ಆಡಿದ್ದು ಫಿಲಡೆಲ್ಫಿಯಾ, ನ್ಯೂಯಾರ್ಕ್ ಮೆಟ್ಸ್ ಎರಡೂ ಸೇರಿ ಬರೀ 30 ಪಂದ್ಯ. ಆಮೇಲೆ ಹ್ಯೂಸ್ಟನ್ನಿನಲ್ಲಿ ಹೈಸ್ಕೂಲು ಹುಡುಗರಿಗೆ ಕಲಿಸಿದರು. ನಲವತ್ತು ದಾಟಿದ ಮೇಲೆ ಈ ಜೂನಿಯರ್ ಕಾಲೇಜು ಸಿಕ್ಕಿತು. 1985, 86, 87, 89, 90. ಆರು ವರ್ಷದಲ್ಲಿ ಐದು ಸಲ ಇದೇ ಮೈದಾನದಲ್ಲಿ ಕಪ್ ಎತ್ತಿದರು. ಆಮೇಲೆ ದೊಡ್ಡ ಲೀಗಿನಲ್ಲಿ ಹೆಸರು ಮಾಡಿದ ರೋಜರ್ ಕ್ಲೆಮೆನ್ಸ್, ಆ್ಯಂಡಿ ಪೆಟಿಟ್ ಇಬ್ಬರೂ ಅವರ ಕೈಯಲ್ಲಿ ಪಳಗಿದ ಪಿಚರುಗಳು, ಅಂದರೆ ಚೆಂಡು ಎಸೆಯುವವರು. ಆಮೇಲೆ ರೈಸ್ ವಿಶ್ವವಿದ್ಯಾಲಯಕ್ಕೆ ಹೋಗಿ 2003ರಲ್ಲಿ ದೊಡ್ಡ ಕಾಲೇಜುಗಳ ಪ್ರಶಸ್ತಿಯನ್ನೂ ಗೆದ್ದರು. ಯಾವ ಆಟದಲ್ಲೂ ಆ ವಿಶ್ವವಿದ್ಯಾಲಯಕ್ಕೆ ಅದೇ ಮೊದಲ ರಾಷ್ಟ್ರೀಯ ಪ್ರಶಸ್ತಿ.

ಆ ಐದು ಕಪ್ಪಿನಲ್ಲಿ ಮಾವನಿಗೆ ಹಿಡಿಸಿದ ಲೆಕ್ಕ ಬೇರೆ. "ಎರಡೇ ವರ್ಷದ ಕಾಲೇಜು ಅಂದ್ರಲ್ಲ. ಹಾಗಾದ್ರೆ 85ರಲ್ಲಿ ಆಡಿದ ಹುಡುಗ್ರು 87ಕ್ಕೆ ಒಬ್ರೂ ಇರಲ್ಲ. ಐದು ಕಪ್ಪು ಗೆದ್ದಿದ್ದು ಒಂದು ತಂಡ ಅಲ್ಲ, ಮೂರು ತಂಡ. ಉಳ್ಕೊಂಡಿದ್ದು ಮೇಷ್ಟ್ರು ಒಬ್ರೇ." ಇದನ್ನು ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಹಿರಿಯರು ಮಾವನ ಕೈ ಹಿಡಿದು ಕುಲುಕಿದರು. ಊರಿನವರು ಆಟಗಾರರ ಹೆಸರು ಮರೆಯುತ್ತಾರೆ, ಕೋಚುಗಳನ್ನು ಮರೆಯುವುದಿಲ್ಲ ಅಂದರು. ವರ್ಷ ವರ್ಷ ಅದೇ ಮುಖ ಬರುತ್ತಲ್ಲ.

ಆಟ ಶುರುವಾದ ಮೇಲೆ ನಾನು ಮಾವನಿಗೆ ತೋರಿಸಿದ್ದು ಮೊದಲ ಬೇಸಿನ ಪಕ್ಕ ನಿಂತ ಕೋಚನ್ನು. ಅವರ ಕೈಯಲ್ಲಿ ಸ್ಟಾಪ್‌ವಾಚ್. ಪಿಚರ್ ಕಾಲೆತ್ತಿದ ಕ್ಷಣದಿಂದ ಚೆಂಡು ಕ್ಯಾಚರ್ ಕೈ ಸೇರುವವರೆಗೆ ಅಳೆಯುತ್ತಾರೆ. 1.3 ಸೆಕೆಂಡ್ ಅಂದರೆ ಚುರುಕು. ಕ್ಯಾಚರ್ ಹಿಡಿದು ಎರಡನೇ ಬೇಸಿಗೆ ಎಸೆಯೋಕೆ ಇನ್ನೆರಡು ಸೆಕೆಂಡ್. ಎರಡೂ ಸೇರಿ 3.3. ಓಡುವ ಹುಡುಗ ಅದಕ್ಕಿಂತ ಬೇಗ ಮುಟ್ಟಿದರೆ ಬೇಸ್ ಕದಿಯಬಹುದು, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸ್ ಸೇರಬಹುದು. ಪಿಚರ್ ಸುಸ್ತಾಗಿ 1.5 ಸೆಕೆಂಡ್ ತಗೊಂಡರೆ ಓಡು ಅಂತ ಸನ್ನೆ ಹೋಗುತ್ತದೆ. ಏಳನೇ ಇನಿಂಗ್ಸಿನಲ್ಲಿ ಆ ಕೋಚ್ ವಾಚು ನೋಡಿ, ಟೋಪಿಯ ಅಂಚು ಮುಟ್ಟಿ, ಆಚೆ ಮೂರನೇ ಬೇಸಿನಲ್ಲಿದ್ದ ಹೆಡ್ ಕೋಚಿಗೆ ಎರಡು ಬೆರಳು ತೋರಿಸಿದರು. ಮುಂದಿನ ಎಸೆತಕ್ಕೇ ಹುಡುಗ ಓಡಿದ. ಧೂಳೆದ್ದಿತು. ಸೇಫ್. ಮಾವ ಹುಡುಗನ ಕಡೆ ನೋಡಲೇ ಇಲ್ಲ. ವಾಚನ್ನು ಜೇಬಿಗೆ ಹಾಕುತ್ತಿದ್ದ ಕೋಚನ್ನು ನೋಡುತ್ತಿದ್ದರು.

ಆ ಹೊತ್ತಿಗೆ ನಮ್ಮ ಮುಖವೆಲ್ಲ ಕೆಂಪು. ಇಲ್ಲಿ ಬಿಸಿಲು ಒಣ ಬಿಸಿಲು, ಬೆವರೇ ಬರುವುದಿಲ್ಲ, ಸುಟ್ಟಿದ್ದು ರಾತ್ರಿ ಗೊತ್ತಾಗುತ್ತದೆ. ನೀರು, ಅಗಲ ಅಂಚಿನ ಟೋಪಿ, ಕೂರೋಕೆ ಒಂದು ಮೆತ್ತೆ ಬೇಕೇ ಬೇಕು. ಎರಡು ಆಟದ ನಡುವೆ ಪಾರ್ಕಿನ ದೊಡ್ಡ ಮರಗಳ ಕೆಳಗೆ ಹುಲ್ಲಿನ ಮೇಲೆ ಕೂತು ಮೊಸರನ್ನ ತಿಂದೆವು. ಅಲ್ಲಿ ಕೂತರೆ ಪೂರ್ವಕ್ಕೆ ಗ್ರ್ಯಾಂಡ್ ಮೇಸಾ, ತಲೆ ಸಪಾಟಾದ ಬೆಟ್ಟ, ಮೇಲೆ ಇನ್ನೂ ಬಿಳಿ ಹಿಮ. ಕೆಳಗೆ ನಮಗೆ ಫ್ಯಾನ್ ಬೇಕಾಗಿತ್ತು. ಬಾಟಲಿಯಲ್ಲಿ ಉಳಿದಿದ್ದ ಉಪ್ಪಿನಕಾಯಿ ಚೆನ್ನಾಗಿಯೇ ಇತ್ತು ಅನ್ನುವುದನ್ನೂ ಹೇಳಬೇಕು.

ರಾತ್ರಿ ಒಂಬತ್ತೂವರೆಗೆ ಅಂಗಿಗಳನ್ನು ತಗೊಂಡು ನಾನು, ಮಾವ ಲಾಂಡ್ರೊಮ್ಯಾಟಿಗೆ ಹೋದೆವು. ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿ. ಒಳಗೆ ಒಬ್ಬನೇ ಒಬ್ಬ, ಇಪ್ಪತ್ತೈದು ಇಪ್ಪತ್ತಾರರ ಯುವಕ, ಆರು ಯಂತ್ರ ಒಟ್ಟಿಗೆ ಹಿಡಿದಿದ್ದ. ನೆಲದ ಮೇಲೆ ಬಿಳಿ ಪ್ಯಾಂಟುಗಳ ರಾಶಿ, ಮಂಡಿಯ ಹತ್ತಿರ, ತೊಡೆಯ ಪಕ್ಕ ಕೆಂಪು ಮಣ್ಣು. ಬೆಳಗ್ಗೆ ಎರಡನೇ ಫಂಗೋ ಹಿಡಿದಿದ್ದವನು ಇವನೇ ಅಂತ ಮಾವ ನನಗಿಂತ ಮೊದಲು ಗುರುತು ಹಿಡಿದರು.

ಒಣಗಿದ ಮಣ್ಣನ್ನು ಮೊದಲು ಬ್ರಷ್‌ನಿಂದ ಉದುರಿಸಬೇಕು, ಆಮೇಲೆ ನೀರು. ಬ್ಲೀಚ್ ಮಾತ್ರ ಹಾಕಬಾರದು, ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಇರುತ್ತೆ, ಬ್ಲೀಚ್ ಬಿದ್ದರೆ ಕಲೆ ಕೂತುಬಿಡುತ್ತೆ ಅಂತ ಹೇಳಿಕೊಟ್ಟ. ನಮ್ಮ ಅಂಗಿಗೆ ಸೋಪು ತಾಗಿದ ಕೂಡಲೇ ಅರಿಶಿನದ ಹಳದಿ ರಕ್ತದ ಹಾಗೆ ಕೆಂಪಾಯಿತು. ಆತ ಗಾಬರಿಯಾಗಿ ಮಾವನ ಕೈ ನೋಡಿದ, ಗಾಯವಾಯಿತೇನೋ ಅಂತ. ಅರಿಶಿನಕ್ಕೆ ಸೋಪು ಸೇರಿದರೆ ಹಾಗೇ, ಬಿಸಿಲಿಗೆ ಹಾಕಿದರೆ ಹೋಗುತ್ತೆ ಅಂತ ಸಮಾಧಾನ ಮಾಡಿದೆ.

ಮಾವ ಮೊದಲು ಕೇಳಿದ್ದೇ ಸಂಬಳ. ನಾನು ಅನುವಾದ ಮಾಡೋಕೆ ಹಿಂದೆ ಮುಂದೆ ನೋಡಿದೆ. ಆತ ಅರ್ಥ ಮಾಡಿಕೊಂಡು ನಕ್ಕ. ಕಾಲೇಜಿನ ಹಾಸ್ಟೆಲಿನಲ್ಲಿ ರೂಮು ಪುಕ್ಕಟೆ, ಅದಕ್ಕೆ ಬದಲಾಗಿ ಅಲ್ಲಿನ ಹುಡುಗರನ್ನು ನೋಡಿಕೊಳ್ಳಬೇಕು. ಊಟ ಕ್ಯಾಂಟೀನಿನಲ್ಲಿ. ಕೈಗೆ ಬರುವುದು ಕಾರಿನ ಪೆಟ್ರೋಲಿಗೆ ಸರಿಹೋಗುತ್ತಂತೆ. ಆತನ ಹುದ್ದೆ ಪಿಚಿಂಗ್ ಕೋಚ್. ಅದು ಹೆಸರಿಗೆ. ಬೆಳಗ್ಗೆ ಆರಕ್ಕೆ ಮೈದಾನದ ಹುಲ್ಲು ಕತ್ತರಿಸುತ್ತಾನೆ, ಮಣ್ಣಿಗೆ ನೀರು ಹಾಕುತ್ತಾನೆ, ಸುಣ್ಣದ ಗಾಡಿ ತಳ್ಳಿ ಗೆರೆ ಎಳೆಯುತ್ತಾನೆ. ಹತ್ತಿರದ ಊರಿನ ಪಂದ್ಯಗಳಿಗೆ ವ್ಯಾನು ಓಡಿಸುತ್ತಾನೆ. ರಾತ್ರಿ ಹುಡುಗರನ್ನು ಓದೋಕೆ ಕೂರಿಸಿ ಕಾವಲು ಕಾಯುತ್ತಾನೆ, ಅಂಕ ಕಡಿಮೆಯಾದರೆ ಅವರನ್ನು ಆಡಿಸುವ ಹಾಗಿಲ್ಲ. ಉಳಿದ ಹೊತ್ತಿನಲ್ಲಿ ಫೋನು. ಮುಂದಿನ ವರ್ಷಕ್ಕೆ ಹುಡುಗರನ್ನು ಹುಡುಕಬೇಕಲ್ಲ. ಮೊದಲ ದರ್ಜೆಯ ಒಂದು ತಂಡ 24 ಜನಕ್ಕೆ ವಿದ್ಯಾರ್ಥಿವೇತನ ಕೊಡಬಹುದು. ಪ್ರತಿ ಬೇಸಿಗೆಯಲ್ಲಿ ಅರ್ಧ ತಂಡ ಖಾಲಿ.

"ಸುಣ್ಣದ ಗೆರೆ" ಅಂದಿದ್ದು ಮಾವನಿಗೆ ಸಾಕಾಯಿತು. ಕಬಡ್ಡಿ ಅಂಕಣಕ್ಕೆ ತಾವು ಹಗ್ಗ ಕಟ್ಟಿ, ಹಳೇ ಡಬ್ಬಕ್ಕೆ ತೂತು ಮಾಡಿ ಸುಣ್ಣದ ಪುಡಿ ಉದುರಿಸಿ ಗೆರೆ ಹಾಕುತ್ತಿದ್ದದ್ದನ್ನು ಕೈಯಲ್ಲೇ ಮಾಡಿ ತೋರಿಸಿದರು. ಡ್ರೈಯರ್ ನಿಲ್ಲುವವರೆಗೆ ಇಬ್ಬರೂ ಪ್ಯಾಂಟು ಮಡಚುತ್ತಾ ಕೂತರು. ನಾನು ನಡುವೆ ಭಾಷೆ ದಾಟಿಸುತ್ತಿದ್ದೆ. ಕೆಲವು ಕಡೆ ಅದೂ ಬೇಕಾಗಲಿಲ್ಲ.

ಭಾನುವಾರ

ಬೆಳಗ್ಗೆ ಆಟ ಬಿಟ್ಟು ಕೊಲರಾಡೋ ನ್ಯಾಷನಲ್ ಮಾನ್ಯುಮೆಂಟಿಗೆ ಹೋದೆವು. ಊರಿನಿಂದ ಹದಿನೈದು ನಿಮಿಷ ಅಷ್ಟೇ. ಕೆಂಪು ಕಲ್ಲಿನ ಗೋಡೆಯ ಅಂಚಿನಲ್ಲೇ 23 ಮೈಲಿ ಸುತ್ತುವ ರಿಮ್ ರಾಕ್ ಡ್ರೈವ್, 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದ ಯುವಕರನ್ನು ಹಾಕಿ ಕಡಿಸಿದ ರಸ್ತೆ. ರಾಷ್ಟ್ರೀಯ ಉದ್ಯಾನಗಳ ವರ್ಷದ ಪಾಸು ಇಲ್ಲೂ ನಡೆಯುತ್ತದೆ. ಗ್ರ್ಯಾಂಡ್ ಜಂಕ್ಷನ್ ಕಡೆಯ ಬಾಗಿಲಿನಿಂದ ಹತ್ತಿ ಫ್ರೂಟಾ ಕಡೆ ಇಳಿಯಿರಿ. ಬೆಳಗ್ಗೆ ಎಂಟರೊಳಗೆ ಹೋದರೆ ಸೈಕಲ್ಲಿನವರು ಕಮ್ಮಿ.

ರಸ್ತೆಯ ಪಕ್ಕ ತಡೆಗೋಡೆ ಎಲ್ಲ ಕಡೆ ಇಲ್ಲ. ಹೆಂಡತಿ ಒಂದು ಕೈಯಲ್ಲಿ ಬಾಗಿಲ ಹಿಡಿ, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು "ರೀ, ನೀವು ಆ ಕಡೆ ನೋಡ್ಬೇಡಿ, ರೋಡ್ ನೋಡಿ" ಅಂತ ಹೇಳುತ್ತಲೇ ಇದ್ದಳು. ಇಂಡಿಪೆಂಡೆನ್ಸ್ ಮಾನ್ಯುಮೆಂಟ್ ಅನ್ನುವ 450 ಅಡಿ ಎತ್ತರದ ಒಂಟಿ ಕಲ್ಲುಕಂಬದ ಎದುರು ಇಳಿದೆವು. ಮುಂದೆ ತಿರುವಿನಲ್ಲಿ ಕೊಂಬು ಬಾಗಿದ ಬಿಗ್‌ಹಾರ್ನ್ ಕುರಿಗಳು ರಸ್ತೆಗೆ ಅಡ್ಡ ನಿಂತು, ನಮ್ಮ ಕಾರನ್ನು ಲೆಕ್ಕಕ್ಕೇ ಇಡದೆ ಮೆಲುಕು ಹಾಕುತ್ತಿದ್ದವು. ಹಾರ್ನ್ ಮಾಡಬೇಡಿ, ತಾವಾಗೇ ಹೋಗುತ್ತವೆ. ನಮಗೆ ಹತ್ತು ನಿಮಿಷ ಹಿಡಿಯಿತು.

ಸಂಜೆ ಮತ್ತೆ ಸ್ಟೇಡಿಯಂ. ಮೊದಲು ಊರ ಮೇನ್ ಸ್ಟ್ರೀಟಿನಲ್ಲಿ ಊಟ. ಅಂಕುಡೊಂಕಾಗಿ ಮಾಡಿದ ಬೀದಿ, ಎರಡೂ ಕಡೆ ಮರ, ಮೂಲೆಗೊಂದು ಶಿಲ್ಪ. ಸಸ್ಯಾಹಾರ ಅಂದರೆ ಇಲ್ಲಿ ಪಿಜ್ಜಾ ಅಥವಾ ಮೆಕ್ಸಿಕನ್. ಬೀನ್ಸ್‌ನಲ್ಲಿ ಹಂದಿಕೊಬ್ಬು ಹಾಕುತ್ತಾರಾ ಅಂತ ಒಂದು ಮಾತು ಕೇಳಿಬಿಡಿ.

ಶನಿವಾರದ ಹಿರಿಯರು ಅದೇ ಸೀಟಿನಲ್ಲಿ ಸಿಕ್ಕರು. ಹೊಡೆಯದೆ ಬಿಟ್ಟ ಚೆಂಡು ಸರಿಯಾದ ಜಾಗದಲ್ಲೇ ಬಂತು ಅಂತ ಅಂಪೈರ್ ಒಂದು ಸ್ಟ್ರೈಕ್ ಕೊಟ್ಟಿದ್ದಕ್ಕೆ ಹುಡುಗನೊಬ್ಬ ಮುಖ ಗಂಟಿಕ್ಕಿದ. ತಕ್ಷಣ ತಂಡದವರು ಕೂರುವ ಡಗೌಟಿನಿಂದ ಕೋಚ್ ಒಂದು ಕೂಗು ಹಾಕಿದರು, ಹುಡುಗ ತಲೆ ಬಗ್ಗಿಸಿ ಹೋದ. ಹಿರಿಯರು, ಮುಂದೆ ದೊಡ್ಡ ಲೀಗಿನ ತಾರೆಯಾದ ಬ್ರೈಸ್ ಹಾರ್ಪರ್ ಕಥೆ ತೆಗೆದರು.

2010ರ ಮಾತು. ಹಾರ್ಪರ್‌ಗೆ ಆಗ 17. ಹೈಸ್ಕೂಲು ಎರಡು ವರ್ಷ ಮೊದಲೇ ಬಿಟ್ಟು, ಸಮಾನ ಪರೀಕ್ಷೆ ಪಾಸು ಮಾಡಿಕೊಂಡು, ಲಾಸ್ ವೇಗಸ್ ಕಡೆಯ ಕಾಲೇಜ್ ಆಫ್ ಸದರ್ನ್ ನೆವಾಡಾ ಸೇರಿದ್ದ. ಕಾರಣ ಸರಳ. ನಾಲ್ಕು ವರ್ಷದ ಕಾಲೇಜಿಗೆ ಹೋದರೆ ಮೂರು ವರ್ಷ ಅಥವಾ 21 ವಯಸ್ಸಿನವರೆಗೆ ವೃತ್ತಿಪರ ತಂಡಗಳು ಮುಟ್ಟುವ ಹಾಗಿಲ್ಲ. ಜೂನಿಯರ್ ಕಾಲೇಜಿನಿಂದ ಯಾವ ವರ್ಷ ಬೇಕಾದರೂ ಆರಿಸಬಹುದು. ಆ ಕಾಲೇಜಿನ ಕೋಚ್ ಟಿಮ್ ಚೇಂಬರ್ಸ್, 2003ರಲ್ಲಿ ಇದೇ ಮೈದಾನದಲ್ಲಿ ಕಪ್ ಗೆದ್ದಿದ್ದವರು. ಹಾರ್ಪರ್ ಆ ಋತುವಿನಲ್ಲಿ ಕ್ರಿಕೆಟ್ಟಿನ ಸಿಕ್ಸರ್ ಥರ ಗೋಡೆ ದಾಟಿಸುವ ಹೋಂ ರನ್ 31 ಹೊಡೆದ, ಅದೂ ಕಾಲೇಜು ಹುಡುಗರು ಸಾಮಾನ್ಯವಾಗಿ ಹಿಡಿಯುವ ಲೋಹದ ಬ್ಯಾಟಿನಲ್ಲಲ್ಲ, ಮರದ ಬ್ಯಾಟಿನಲ್ಲಿ. ಕಾಲೇಜಿನ ಹಳೇ ದಾಖಲೆ 12. ಆದರೆ ಇಲ್ಲಿಗೆ ಬಂದಾಗ ಅಂಪೈರ್ ಸ್ಟ್ರೈಕ್ ಕೊಟ್ಟಿದ್ದಕ್ಕೆ ಸಿಟ್ಟಾಗಿ, ಚೆಂಡು ಎಲ್ಲಿ ಹೋಯಿತು ಅಂತ ಬ್ಯಾಟಿನಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದ. ಹೊರಗೆ ಕಳಿಸಿದರು, ಜೊತೆಗೆ ಅಮಾನತು. ತಂಡವೂ ಸೋತು ಮನೆಗೆ ಹೋಯಿತು. ಕೆಲವೇ ದಿನಕ್ಕೆ ವಾಷಿಂಗ್ಟನ್ ತಂಡ ಅವನನ್ನು ದೇಶದಲ್ಲೇ ಮೊದಲ ಆಯ್ಕೆಯಾಗಿ ತಗೊಂಡಿತು.

"ಹುಡುಗನಿಗೆ ಏನೂ ಆಗ್ಲಿಲ್ಲ. ಮೇಷ್ಟ್ರ ಗತಿ?" ಅಂದರು ಮಾವ. ನನಗೂ ಆ ಪ್ರಶ್ನೆ ಮೊದಲು ಹೊಳೆದಿರಲಿಲ್ಲ. ಬೇಸ್‌ಬಾಲ್ ಪುಟಗಳಲ್ಲಿ ಆ ಗೆರೆಯ ಬಗ್ಗೆ ಎಷ್ಟು ಬರೆದಿದ್ದಾರೋ. ಇಡೀ ವರ್ಷ ತಂಡ ಕಟ್ಟಿ ಇಲ್ಲಿವರೆಗೆ ತಂದವರ ಬಗ್ಗೆ ಒಂದು ಸಾಲೂ ಕಷ್ಟ.

ಒಂಬತ್ತರ ಹೊತ್ತಿಗೆ ಗಾಳಿ ಎದ್ದು ಧೂಳು ಕಣ್ಣಿಗೆ ತುಂಬಿತು. ಮರುಭೂಮಿ ಊರು, ಹಗಲು ಎಷ್ಟೇ ಸೆಕೆಯಿದ್ದರೂ ರಾತ್ರಿ ಆಟಕ್ಕೆ ಒಂದು ಜಾಕೆಟ್ ಇರಲಿ.

ಸೋಮವಾರ

ಪ್ಯಾಲಿಸೇಡ್ ಪೀಚ್ ಹಣ್ಣಿಗೆ ಹೆಸರುವಾಸಿ. ಆದರೆ ಮೇ ತಿಂಗಳಲ್ಲಿ ಹಣ್ಣು ಸಿಗುವುದಿಲ್ಲ, ಜುಲೈ ಆಗಸ್ಟ್‌ಗೆ ಬನ್ನಿ. ನಮಗೆ ಕಂಡಿದ್ದು ಹೆಬ್ಬೆರಳ ಗಾತ್ರದ, ಮೈಮೇಲೆ ತುಪ್ಪಳ ಇದ್ದ ಹಸಿರು ಕಾಯಿ. ತೋಟದಲ್ಲಿ ಜನ ಕೊಂಬೆಕೊಂಬೆಗೂ ಕೈ ಹಾಕಿ ಅರ್ಧಕ್ಕಿಂತ ಜಾಸ್ತಿ ಕಾಯಿ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಇಲ್ಲದಿದ್ದರೆ ಹಣ್ಣು ದಪ್ಪ ಆಗುವುದಿಲ್ಲವಂತೆ. ತೋಟದ ನಡುವೆ ಅಲ್ಲಲ್ಲಿ ಎತ್ತರದ ಕಂಬಕ್ಕೆ ವಿಮಾನದ್ದರಂಥ ಫ್ಯಾನು. ವಸಂತದಲ್ಲಿ ರಾತ್ರಿ ಇಬ್ಬನಿ ಹೆಪ್ಪುಗಟ್ಟುವ ಭಯವಿದ್ದಾಗ ಮೇಲಿನ ಬೆಚ್ಚಗಿನ ಗಾಳಿಯನ್ನು ಕೆಳಗೆ ತಳ್ಳೋಕೆ. ತೆಂಗಿನ ಸೀಮೆಯಿಂದ ಬಂದ ಮಾವ ಇದನ್ನು ಸುತ್ತ ಸುತ್ತಿ ನೋಡಿದರು. ಅಂಗಡಿಯಲ್ಲಿ ಪೀಚ್ ಜಾಮು, ಪೀಚ್ ಹಾಕಿದ ಖಾರದ ಸಾಲ್ಸಾ ತಗೊಂಡೆವು. ಸಾಲ್ಸಾ ದೋಸೆಗೆ ಚೆನ್ನಾಗಿರುತ್ತೆ, ನಿಜವಾಗಲೂ.

ಮಧ್ಯಾಹ್ನದ ಆಟ ಆ ಲಾಂಡ್ರೊಮ್ಯಾಟ್ ಹುಡುಗನ ತಂಡದ್ದು. ಒಂದು ಸಲ ಸೋತಾಗಿತ್ತು, ಇದು ಸೋತರೆ ಗಂಟುಮೂಟೆ. ಎಂಟನೇ ಇನಿಂಗ್ಸ್‌ವರೆಗೆ ಒಂದು ರನ್ ಮುಂದೆ. ಅವನ ಪಿಚರ್ ಸುಸ್ತಾಗಿದ್ದ, ಚೆಂಡು ಮೇಲೆ ಮೇಲೆ ಬರುತ್ತಿತ್ತು. ಆತ ಡಗೌಟಿನಿಂದ ಹೊರಗೆ ಬಂದ. ಓಡಲಿಲ್ಲ, ನಿಧಾನ ನಡೆದ. ಬುಲ್‌ಪೆನ್ನಿನಲ್ಲಿ ಇನ್ನೊಬ್ಬ ಹುಡುಗ ಕೈ ಬಿಸಿ ಮಾಡಿಕೊಳ್ಳೋಕೆ ಅಷ್ಟು ಸಮಯ ಸಿಗಲಿ ಅಂತ. ಪಿಚರ್ ನಿಲ್ಲುವ ಮಣ್ಣಿನ ಗುಡ್ಡೆಯ ಮೇಲೆ ನಿಂತು ಹುಡುಗನ ಕಡೆ ನೋಡದೆ, ನೆಲದ ಮಣ್ಣನ್ನು ಬೂಟಿನಿಂದ ಸರಿಮಾಡುತ್ತಾ ಏನೋ ಮಾತಾಡಿದ. ಹುಡುಗ ನಕ್ಕ. ಆತ ಹುಡುಗನನ್ನು ಬದಲಾಯಿಸದೆ ಹಾಗೇ ವಾಪಸು ಬಂದ.

ಎರಡು ಎಸೆತ ಆದ ಮೇಲೆ ಚೆಂಡು ಗೋಡೆ ದಾಟಿತು. ಎರಡು ರನ್. ಅಲ್ಲಿಂದ ಮುಂದೆ ಆಟ ತಿರುಗಲಿಲ್ಲ.

ನಾವು ಹೊರಗೆ ಬಂದಾಗ ಅವರ ಬಸ್ಸು ಪಾರ್ಕಿನ ಪಕ್ಕ ನಿಂತಿತ್ತು. ಹುಡುಗರಲ್ಲಿ ಕೆಲವರು ಅಳುತ್ತಿದ್ದರು, ಅರ್ಧ ಜನಕ್ಕೆ ಆ ಕಾಲೇಜಿನ ಅಂಗಿಯಲ್ಲಿ ಇದೇ ಕೊನೆಯ ಆಟ. ಹೆಡ್ ಕೋಚ್ ಒಬ್ಬೊಬ್ಬರನ್ನೂ ತಬ್ಬಿಕೊಂಡು ಕಿವಿಯಲ್ಲಿ ಒಂದೊಂದು ಮಾತು ಹೇಳುತ್ತಿದ್ದರು. ನಮ್ಮ ಪಿಚಿಂಗ್ ಕೋಚ್ ಬ್ಯಾಟಿನ ಚೀಲಗಳನ್ನು ಬಸ್ಸಿನ ಹೊಟ್ಟೆಗೆ ತುಂಬುತ್ತಾ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಮಾತಾಡುತ್ತಿದ್ದ. ಯಾವುದೋ ಊರಿನ ಹೈಸ್ಕೂಲು ಪಿಚರ್ ಒಬ್ಬನ ಅಪ್ಪನ ಜೊತೆ. ಗುರುವಾರ ಬಂದು ನೋಡುತ್ತೇನೆ ಅನ್ನುತ್ತಿದ್ದ.

ಫೋನು ಇಟ್ಟ ಮೇಲೆ ಮಾವನನ್ನು ನೋಡಿ ಕೈ ಎತ್ತಿದ. ಮಾವ ಹತ್ತಿರ ಹೋಗಿ, ಗುಡ್ಡೆಯ ಮೇಲೆ ಹುಡುಗನಿಗೆ ಏನು ಹೇಳಿದೆ ಅಂತ ಕೇಳಿಸಿದರು. "ರಾತ್ರಿ ಊಟಕ್ಕೆ ಏನು ತಿಂತೀಯ ಅಂದೆ, ಪಿಜ್ಜಾ ಬೇಡ ಕೋಚ್ ಅಂದ" ಅಂತ ಹೇಳಿದ. ಹುಡುಗನನ್ನು ಯಾಕೆ ತೆಗೆಯಲಿಲ್ಲ ಅನ್ನುವುದು ಮಾವನ ಮುಂದಿನ ಪ್ರಶ್ನೆ. ಸ್ವಲ್ಪ ಯೋಚನೆ ಮಾಡಿ ಹೇಳಿದ. ಇವನನ್ನು ಎರಡು ದೊಡ್ಡ ಕಾಲೇಜಿನವರು ನೋಡೋಕೆ ಬಂದಿದ್ದರು. ಇಕ್ಕಟ್ಟಿನಲ್ಲಿ ಏನು ಮಾಡುತ್ತಾನೆ ಅಂತ ಅವರು ನೋಡಬೇಕಿತ್ತು. ಆ ಹೋಂ ರನ್ ಆದ ಮೇಲೆ ಮೂರು ಜನರನ್ನು ಸಾಲಾಗಿ ಔಟ್ ಮಾಡಿದನಲ್ಲ, ಅದೂ ಅವರ ಪುಸ್ತಕಕ್ಕೆ ಹೋಗಿದೆ.

ಅಂದರೆ ಕಪ್ಪಿಗಿಂತ ಹುಡುಗನ ಮುಂದಿನ ದಾರಿ ನೋಡಿದ್ದಾನೆ. ಅದು ಸರಿಯಾ ಅಂತ ಕಾರಿನಲ್ಲಿ ನಾವು ಜಗಳ ಆಡಿದೆವು. ಪಂದ್ಯ ಗೆಲ್ಲೋದು ಇಡೀ ತಂಡದ ಹಕ್ಕು, ಒಬ್ಬನಿಗಾಗಿ ಬಿಡಬಾರದಿತ್ತು ಅನ್ನುವುದು ನನ್ನ ವಾದ. ಮಾವ ಒಪ್ಪಲಿಲ್ಲ. ತಾವು ಒಂದು ಸಲ ಜಿಲ್ಲಾ ಮಟ್ಟದ ಖೋಖೋದಲ್ಲಿ ಜ್ವರ ಬಂದ ಹುಡುಗನನ್ನು ಆಡಿಸಿ ಗೆದ್ದಿದ್ದನ್ನು ಹೇಳಿದರು. ಆ ಶೀಲ್ಡು ಶಾಲೆಯ ಬೀರುವಿನಲ್ಲಿ ಇದೆಯಂತೆ. "ಅದನ್ನ ನೋಡೋಕೆ ನಾನು ಹೋಗಲ್ಲ" ಅಂದರು. ಹೆಂಡತಿಗೆ ಈ ಕಥೆ ಹೊಸದು. ಹಿಂದಿನ ಸೀಟಿನಿಂದ "ಯಾವ ಹುಡುಗ ಅಪ್ಪ?" ಅಂತ ಕೇಳಿದಳು. ಅವರು ಹೆಸರು ಹೇಳಿದರು. ಅವನು ಈಗ ತುರುವೇಕೆರೆಯಲ್ಲಿ ಕೆಎಸ್‌ಆರ್‌ಟಿಸಿ ಡ್ರೈವರ್, ಚೆನ್ನಾಗಿದ್ದಾನೆ.

ಮಂಗಳವಾರ

ಸೋಮವಾರ ಸಂಜೆ ಡೆನ್ವರ್ ಕಡೆಗೆ ಐ-70ಯಲ್ಲಿ ಹೊರಡುವುದು ಹುಚ್ಚುತನ. ಇಡೀ ಊರೇ ವಾಪಸು ಹೋಗುತ್ತಿರುತ್ತದೆ. ಒಂದು ದಿನ ರಜೆ ಹೆಚ್ಚಿಗೆ ಹಾಕಿ ಮಂಗಳವಾರ ಬೆಳಗ್ಗೆ ಬಿಡಿ, ರಸ್ತೆ ಖಾಲಿ. ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನಲ್ಲಿ ಬಿಸಿನೀರ ಕೊಳದ ಹತ್ತಿರ ಕಾಫಿ ಕುಡಿದೆವು. ಕೊಳಕ್ಕೆ ಇಳಿಯೋಕೆ ಮಾವ ಒಪ್ಪಲಿಲ್ಲ, ಗಂಧಕದ ವಾಸನೆ ಅಂದರು. ವೇಲ್ ಘಾಟಿಯಲ್ಲಿ ಬಿಸಿಲು, ಸುರಂಗದಲ್ಲಿ ಟ್ರಾಫಿಕ್ ಇಲ್ಲ. ಉಪ್ಪಿನಕಾಯಿ ಈ ಸಲ ಮಾವನ ತೊಡೆಯ ಮೇಲೆ ಪ್ರಯಾಣ ಮಾಡಿತು.

ಅಂಗಿಗಳನ್ನು ಎರಡು ದಿನ ಹಿತ್ತಲಿನ ಬಿಸಿಲಿಗೆ ಹಾಕಿದ ಮೇಲೆ ಹಳದಿ ಹೋಯಿತು, ಎಣ್ಣೆಯ ಗುರುತು ಉಳಿಯಿತು. ವಾರದ ಕೊನೆಯಲ್ಲಿ ಫೈನಲ್. ಮಾವ ಅದನ್ನು ಫೋನಿನಲ್ಲಿ ಪೂರ್ತಿ ನೋಡಿದರು. ಸ್ಕೋರು ಏನು ಅಂತ ನಾನು ಅಡುಗೆಮನೆಯಿಂದ ಕೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. "ಮೂರನೇ ಬೇಸಿನ ಮೇಷ್ಟ್ರು ಆ ಹುಡುಗನ್ನ ಓಡ್ಸಬಾರ್ದಿತ್ತು. ಚೆಂಡು ಆಗ್ಲೇ ಕೈಗೆ ಬಂದಿತ್ತು, ನೋಡಿ ಬೇಕಾದ್ರೆ" ಅಂತ ಫೋನನ್ನು ನನ್ನ ಮುಂದೆ ಹಿಡಿದು ಹಿಂದಕ್ಕೆ ಎಳೆದು ತೋರಿಸಿದರು.